ಮನೆಯ ಹಾಡಿನ ಸರ್ವರಿಗೆ ಕಡಿಮೆ ಕರೆಂಟಿನ ಯಂತ್ರ ಯಾವುದು? ಕಾಸರಗೋಡಿನ ಮಳೆಗಾಲಕ್ಕೂ ತಡೆಯಬೇಕು

ಉಪ್ಪಳ ಕ್ಯಾಸೆಟ್:
ಎಲ್ಲರಿಗೂ ನಮಸ್ಕಾರ. 24 ಗಂಟೆ ಓಡುವ ಹಾಡಿನ ಸರ್ವರ್ ಕಟ್ಟಬೇಕು, ಯಂತ್ರ ಆರಿಸಲು ನಿಮ್ಮ ಸಲಹೆ ಬೇಕು. ಸಂಗ್ರಹ ಒಟ್ಟು 620 ಜಿಬಿ. ಅರ್ಧಕ್ಕಿಂತ ಹೆಚ್ಚು ಕ್ಯಾಸೆಟ್‌ನಿಂದ ಇಳಿಸಿದ ತಾಳಮದ್ದಳೆ ಮತ್ತು ಇಡೀ ರಾತ್ರಿಯ ಯಕ್ಷಗಾನ ಆಟಗಳು, ಉಳಿದದ್ದು ಫ್ಲ್ಯಾಕ್‌ನಲ್ಲಿರುವ (ಗುಣಮಟ್ಟ ಕಳೆಯದೆ ಕುಗ್ಗಿಸಿದ ಫೈಲು) ಕರ್ನಾಟಕ ಸಂಗೀತ. ಕೇಳುವವರು ಐದು ಜನ: ಮೂವರು ಮನೆಯಲ್ಲಿ, ಇಬ್ಬರು ಮಂಗಳೂರು ಮತ್ತು ಬೆಂಗಳೂರಿನಲ್ಲಿ. ವೀಡಿಯೊ ಬೇಡವೇ ಬೇಡ. ತಲೆಯಲ್ಲಿರುವುದು ಅಂಗೈ ಅಗಲದ ಕಂಪ್ಯೂಟರ್‌ಗಳಾದ ರಾಸ್ಪ್‌ಬೆರಿ ಪೈ 4, ಪೈ 5, ಇಂಟೆಲ್ ಎನ್100 ಇರುವ ಮಿನಿ ಪಿಸಿ. ನಾಲ್ಕನೇ ತಲೆಮಾರಿನ ಐ5 ಡೆಸ್ಕ್‌ಟಾಪ್ ಒಂದು ಮನೆಯಲ್ಲೇ ಉಂಟು. ಬಿಲ್ಲು ಏರಬಾರದು. ಮಳೆಗಾಲದಲ್ಲಿ ದಿನಕ್ಕೆ ನಾಲ್ಕೈದು ಸಲ ಕರೆಂಟು ಹೋಗಿ ಬಂದರೂ ಯಾರೂ ಮುಟ್ಟದೆ ತಾನಾಗಿ ಏಳಬೇಕು.

ಮುಳ್ಳೇರಿಯ ಲಿನಕ್ಸ್:
ಮೊದಲು ಲೆಕ್ಕ. 1 ವಾಟ್ ವರ್ಷವಿಡೀ ಉರಿದರೆ 8.76 ಯೂನಿಟ್. ಆ ಡೆಸ್ಕ್‌ಟಾಪ್ ಸುಮ್ಮನೆ ಕೂತಾಗಲೂ ಸುಮಾರು 45 ವಾಟ್ ಎಳೀತದೆ ಅಂತ ಇಟ್ಟುಕೊಳ್ಳಿ, ವರ್ಷಕ್ಕೆ 394 ಯೂನಿಟ್. ಪೈ 4ಕ್ಕೆ ಒಂದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) ಸೇರಿಸಿದರೆ 4ರಿಂದ 5 ವಾಟ್, ಅಂದರೆ 40 ಯೂನಿಟ್ ಆಸುಪಾಸು. ಎನ್100 ಮಿನಿ ಪಿಸಿ ಸುಮ್ಮನಿದ್ದಾಗ 7ರಿಂದ 10 ವಾಟ್, ವರ್ಷಕ್ಕೆ 60ರಿಂದ 90. ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದಲ್ಲವಾ, ಡೆಸ್ಕ್‌ಟಾಪ್ ಒಂದೇ ಆ ಬಿಲ್ಲಿಗೆ 65 ಯೂನಿಟ್ ಹಾಕ್ತದೆ. ತಿಂಗಳಿಗೆ 250 ಯೂನಿಟ್ ದಾಟಿದ ಮನೆಗಳಿಗೆ ಸ್ಲ್ಯಾಬ್ ಲೆಕ್ಕ ಬಿಟ್ಟುಹೋಗಿ ಪೂರ್ತಿ ಬಳಕೆಗೆ ಒಂದೇ ಮೇಲಿನ ದರ ಬೀಳ್ತದೆ. ಗಡಿಯ ಹತ್ತಿರ ಇರುವ ಮನೆಗೆ ಈ 65 ಯೂನಿಟ್ಟೇ ಆಚೆ ದಾಟಿಸಬಹುದು. ಹಾಗಾಗಿ ಡೆಸ್ಕ್‌ಟಾಪ್ ಬೇಡ.

ಆದರೆ 5 ವಾಟ್‌ನದ್ದೋ 8 ವಾಟ್‌ನದ್ದೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ವ್ಯತ್ಯಾಸ ವರ್ಷಕ್ಕೆ 26 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೂ 182 ರೂಪಾಯಿ.

ಬದಿಯಡ್ಕ ಕೇಳುಗ:
ಪ್ರೊಸೆಸರಿನ ಬಗ್ಗೆಯೂ ಅದೇ ಮಾತು. ಹಾಡು ಕಳಿಸುವುದು ಯಂತ್ರಕ್ಕೆ ಕೆಲಸವೇ ಅಲ್ಲ. ಸಿಡಿ ಗುಣಮಟ್ಟದ ಸ್ಟೀರಿಯೊ ಕುಗ್ಗಿಸದೆ ಇದ್ದರೆ ಸೆಕೆಂಡಿಗೆ 1411 ಕಿಲೋಬಿಟ್, ಫ್ಲ್ಯಾಕ್ ಆದರೆ ಸಾಮಾನ್ಯವಾಗಿ 700ರಿಂದ 1000. ಐದೂ ಜನ ಒಟ್ಟಿಗೆ ಫ್ಲ್ಯಾಕ್ ಕೇಳಿದರೂ 5 ಮೆಗಾಬಿಟ್. ಅದನ್ನು ಓಪಸ್ 128ಕ್ಕೆ (ಸೆಕೆಂಡಿಗೆ 128 ಕಿಲೋಬಿಟ್‌ನ ಕುಗ್ಗಿಸಿದ ರೂಪ) ಬದಲಿಸುತ್ತಾ ಕಳಿಸುವುದು ಪೈ 4ರ ಒಂದು ಕೋರ್‌ಗೂ ಭಾರವಲ್ಲ. ಹಾಡು ಹಂಚುವ ತಂತ್ರಾಂಶ ನ್ಯಾವಿಡ್ರೋಮ್ ಹಾಕುವುದಾದರೆ 1 ಜಿಬಿ ರ‍್ಯಾಮ್ ಧಾರಾಳ. ಲಿರಿಯನ್ (ಮೊದಲು ಲಾಜಿಟೆಕ್ ಮೀಡಿಯಾ ಸರ್ವರ್ ಎಂದಿದ್ದದ್ದು) ಕೂಡ ಪೈ ಮೇಲೆ ಹಗುರವಾಗಿ ಓಡ್ತದೆ. ಜೆಲ್ಲಿಫಿನ್‌ನಲ್ಲಿ ಸಿನೆಮಾ ಬೇಕು ಅನ್ನುವವರಿಗೆ ಎನ್100. ನಿಮಗೆ ಅದು ಬೇಡ.

ಪೈ ಝೀರೋ 2 ಡಬ್ಲ್ಯೂ ತೆಗೊಳ್ಳಬೇಡಿ. 512 ಎಂಬಿ ರ‍್ಯಾಮ್, ನೆಟ್‌ವರ್ಕ್ ಕೇಬಲ್‌ಗೆ ಜಾಗವಿಲ್ಲ, ವೈಫೈ ಕೂಡ 2.4 ಗಿಗಾಹರ್ಟ್ಸ್ ಮಾತ್ರ. ಅದನ್ನು ಚಾವಡಿಯಲ್ಲಿ ಸ್ಪೀಕರಿನ ಹತ್ತಿರ ಸ್ಕ್ವೀಝ್‌ಲೈಟ್ ಹಾಕಿ ನುಡಿಸುವ ಪೆಟ್ಟಿಗೆಯಾಗಿ ಬಳಸಿದರೆ ಚಂದ. ಸರ್ವರ್ ಆಗಿ ಬೇಡ.

ಪೆರ್ಲ ವಯರಿಂಗ್:
ಮಾಷ್ಟ್ರೇ, ನಮ್ಮೂರಲ್ಲಿ ಪ್ರಶ್ನೆ ಬೇರೆಯೇ ಕೇಳಬೇಕು. ಕರೆಂಟು ಹೋಗಿ ಬಂದಾಗ ಯಂತ್ರ ಏನು ಮಾಡ್ತದೆ? ಪೈಗೆ ಕರೆಂಟು ಕೊಟ್ಟ ಕೂಡಲೇ ಏಳುವ ಗುಣ ಉಂಟು. ಮಿನಿ ಪಿಸಿ, ಥಿನ್ ಕ್ಲಯಂಟ್ (ಕಚೇರಿಗಳಲ್ಲಿ ಬಳಸುವ ಸಣ್ಣ ಕಂಪ್ಯೂಟರ್) ಎಲ್ಲ ಹಾಗಲ್ಲ. ಬಯೋಸ್‌ಗೆ (ಬೋರ್ಡಿನ ಒಳಗಿನ ಸೆಟ್ಟಿಂಗ್ ಪುಟ) ಹೋಗಿ ಕರೆಂಟು ಮರಳಿದಾಗ ‘ಪವರ್ ಆನ್’ ಅಂತ ಇಡಬೇಕು. ‘ಲಾಸ್ಟ್ ಸ್ಟೇಟ್’ ಇಡಬೇಡಿ. ಯಂತ್ರ ಸರಿಯಾಗಿ ಶಟ್‌ಡೌನ್ ಆದ ಮೇಲೆ ಕರೆಂಟು ಹೋಗಿದ್ದರೆ ಅದು ಮಲಗಿಯೇ ಇರ್ತದೆ.

ಸೆಕೆಂಡ್ ಹ್ಯಾಂಡ್ ತೆಗೊಂಡರೆ ಒಳಗಿನ ಸಿಆರ್2032 ಬಟನ್ ಸೆಲ್ಲನ್ನು ಮೊದಲ ದಿನವೇ ಬದಲಿಸಿ. ಸೆಲ್ ಸತ್ತಿದ್ದರೆ ಆ ಸೆಟ್ಟಿಂಗ್ ಮರೆತುಹೋಗಿ ಯಂತ್ರ ಕಪ್ಪು ಪರದೆಯಲ್ಲಿ ‘ಕೀ ಒತ್ತಿ’ ಅಂತ ಕಾಯ್ತಾ ಕೂರ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ ಸರ್ವರ್ ಏಳದೇ ಇರಲು ದೊಡ್ಡ ಕಾರಣ ಇದೇ ಸಣ್ಣ ಸೆಲ್.

ನೀರ್ಚಾಲು ತೋಟ:
ಪೈ 4ಕ್ಕೂ ಒಂದು ಕೊರತೆ ಉಂಟು, ಅದರಲ್ಲಿ ಕರೆಂಟಿಲ್ಲದಾಗಲೂ ಓಡುವ ಗಡಿಯಾರವೇ ಇಲ್ಲ. ಕರೆಂಟು ಬಂದು ಫೈಬರ್ ಇನ್ನೂ ಬಾರದಿದ್ದರೆ ಸಮಯ ಹಿಂದೆ ನಿಂತಿರ್ತದೆ. ಮನೆಯೊಳಗೆ ಹಾಡು ಕೇಳಲು ತೊಂದರೆ ಇಲ್ಲ, ಆದರೆ ಸುರಕ್ಷಿತ ಸಂಪರ್ಕದ ಪ್ರಮಾಣಪತ್ರ ಸಮಯ ನೋಡುವುದರಿಂದ ಹೊರಗಿನ ದಾರಿ ಏಳುವುದು ತಡವಾಗ್ತದೆ. ಪೈ 5ರಲ್ಲಿ ಗಡಿಯಾರ ಉಂಟು, ಬ್ಯಾಟರಿ ಬೇರೆ ಹಾಕಬೇಕು. ಪೈ 4ಕ್ಕೆ ಡಿಎಸ್3231 ಮಾಡ್ಯೂಲ್ ಸಿಕ್ಕಿಸಿದರೆ ಮುಗಿಯಿತು.

ಉಪ್ಪಳ ಕ್ಯಾಸೆಟ್:
ಹಾಗಾದರೆ ಪೈ 4ಕ್ಕೆ ಈಗಿರುವ 1 ಟಿಬಿಯ 2.5 ಇಂಚಿನ ಹಾರ್ಡ್‌ಡಿಸ್ಕ್ ಯುಎಸ್‌ಬಿಯಲ್ಲಿ ಸಿಕ್ಕಿಸಿದರೆ ಸಾಕಾ? ಅದು ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಆದದ್ದು, ಎನ್‌ಟಿಎಫ್‌ಎಸ್.

ಮುಳ್ಳೇರಿಯ ಲಿನಕ್ಸ್:
ಎರಡು ಕಡೆ ಕೈಕೊಡ್ತದೆ, ಬಿಡಿಸಿ ಹೇಳ್ತೇನೆ.

ಒಂದು, ಕರೆಂಟು. ಪೈ 4ರ ನಾಲ್ಕು ಯುಎಸ್‌ಬಿ ತೂತುಗಳಿಗೂ ಸೇರಿ 1.2 ಆಂಪಿಯರ್ ಮಾತ್ರ. ಹಾರ್ಡ್‌ಡಿಸ್ಕ್ ತಿರುಗಲು ಶುರುಮಾಡುವ ಕ್ಷಣದಲ್ಲಿ ಒಂದೇ 1 ಆಂಪಿಯರ್ ಹತ್ತಿರ ಎಳೀತದೆ. ಅಡಾಪ್ಟರ್ ಮೊಬೈಲ್ ಚಾರ್ಜರ್ ಆಗಿದ್ದರೆ, ಅಥವಾ ವಯರ್ ತೆಳುವಾಗಿದ್ದರೆ, ವೋಲ್ಟೇಜ್ 4.63ಕ್ಕಿಂತ ಕೆಳಗೆ ಇಳಿದು ಕರ್ನಲ್ ಲಾಗ್‌ನಲ್ಲಿ ‘ಅಂಡರ್‌ವೋಲ್ಟೇಜ್’ ಅಂತ ಸಾಲು ಬೀಳ್ತದೆ. ಡಿಸ್ಕ್ ಟಕ್ ಟಕ್ ಅಂತ ಮತ್ತೆ ಮತ್ತೆ ಶುರುವಾಗುವುದು ಇದಕ್ಕೇ. ಪೈ 4ಕ್ಕೆ 5.1 ವೋಲ್ಟ್ 3 ಆಂಪಿಯರಿನ ಅದರದ್ದೇ ಅಡಾಪ್ಟರ್ ತೆಗೊಳ್ಳಿ. ಪೈ 5ಕ್ಕೆ 5 ಆಂಪಿಯರಿನದ್ದು ಬೇಕು. 3 ಆಂಪಿಯರಿನದ್ದು ಕೊಟ್ಟರೆ ಅದು ಯುಎಸ್‌ಬಿಗೆ 600 ಮಿಲಿಆಂಪಿಯರ್ ಮಾತ್ರ ಬಿಡ್ತದೆ.

ಎರಡು, ಫೈಲ್ ಸಿಸ್ಟಂ, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ. ಬರೆಯುತ್ತಿರುವಾಗ ಕರೆಂಟು ಹೋದರೆ ಎನ್‌ಟಿಎಫ್‌ಎಸ್ ಮೇಲೆ ‘ಸರಿಯಾಗಿ ಮುಚ್ಚಿಲ್ಲ’ ಅನ್ನುವ ಗುರುತು ಉಳೀತದೆ. ಲಿನಕ್ಸ್‌ನ ಹೊಸ ಚಾಲಕ ಅಂಥ ಡಿಸ್ಕನ್ನು ಸುಮ್ಮನೆ ಏರಿಸಲು (ಮೌಂಟ್, ಅಂದರೆ ಬಳಕೆಗೆ ತೆರೆಯಲು) ಒಪ್ಪುವುದಿಲ್ಲ, ವಿಂಡೋಸ್‌ಗೆ ಕೊಂಡುಹೋಗಿ ಚೆಕ್‌ಡಿಸ್ಕ್ ಮಾಡಿಸಿ ತರುವುದೇ ಸುರಕ್ಷಿತ. ಎಕ್ಸ್‌ಫ್ಯಾಟ್‌ಗೆ ಜರ್ನಲ್ (ಬದಲಾವಣೆಗಳ ದಾಖಲೆ) ಇಲ್ಲ, ಅದೂ ಬೇಡ. ಲಿನಕ್ಸ್‌ನದ್ದೇ ಆದ ಎಕ್ಸ್‌ಟ್4 ಮಾಡಿ, ಫೈಲುಗಳನ್ನು ಹೊಸದಾಗಿ ತುಂಬಿ.

ಏರಿಸುವ ಸಾಲಿನಲ್ಲಿ ಡಿಸ್ಕಿನ ಯುಯುಐಡಿ (ಗುರುತಿನ ಸಂಖ್ಯೆ) ಬಳಸಿ, ‘ನೋಫೇಲ್’ ಆಯ್ಕೆ ಸೇರಿಸಿ, ಇಲ್ಲದಿದ್ದರೆ ಡಿಸ್ಕ್ ಕಾಣದ ದಿನ ಪೈ ಬೂಟ್ ಆಗದೆ ನಿಲ್ತದೆ. ಹಾಡಿನ ಫೋಲ್ಡರನ್ನು ಡಿಸ್ಕಿನ ಬೇರಿನಲ್ಲಿ (ಎಲ್ಲಕ್ಕೂ ಮೇಲಿನ ಫೋಲ್ಡರ್) ಇಡದೆ ಒಂದು ಉಪಫೋಲ್ಡರಿನಲ್ಲಿ ಇಡಿ, ಸರ್ವರಿಗೆ ಆ ದಾರಿ ಕೊಡಿ. ಡಿಸ್ಕ್ ಏರದಿದ್ದರೆ ಆ ದಾರಿಯೇ ಇರುವುದಿಲ್ಲ, ಸ್ಕ್ಯಾನ್ ತಪ್ಪು ತೋರಿಸಿ ನಿಲ್ತದೆ. ಬೇರನ್ನೇ ಕೊಟ್ಟರೆ ಖಾಲಿ ಫೋಲ್ಡರ್ ಕಾಣ್ತದೆ, ಕೆಲವು ಸರ್ವರುಗಳು ಹಾಡುಗಳೆಲ್ಲ ಅಳಿಸಿಹೋದವು ಅಂತ ಪಟ್ಟಿಯನ್ನೇ ಖಾಲಿ ಮಾಡ್ತವೆ.

ಬದಿಯಡ್ಕ ಕೇಳುಗ:
620 ಜಿಬಿಗೆ 1 ಟಿಬಿ ಎಸ್‌ಎಸ್‌ಡಿ ಸಾಕು. ತಿರುಗುವ ಡಿಸ್ಕನ್ನು ಬ್ಯಾಕಪ್‌ಗೆ ಇಡಿ. ಸಾಟಾ ಎಂಬ ಡಿಸ್ಕ್ ಜೋಡಣೆಯಿಂದ ಯುಎಸ್‌ಬಿಗೆ ಬದಲಿಸುವ ಡಬ್ಬಿ ಆರಿಸುವಾಗ ಒಳಗಿನ ಚಿಪ್ ನೋಡಿ. ಕೆಲವು ಜೆಮೈಕ್ರಾನ್ ಚಿಪ್‌ಗಳು ಪೈ 4ರಲ್ಲಿ ಯುಎಎಸ್ ಎಂಬ ವೇಗದ ವಿಧಾನದಲ್ಲಿ ತಡವರಿಸಿ ಡಿಸ್ಕ್ ಮಧ್ಯೆ ಮಧ್ಯೆ ಕಳಚಿದ ಹಾಗೆ ಆಗ್ತದೆ. ಆಗ ಬೂಟ್ ಸಾಲಿನಲ್ಲಿ ಆ ಡಬ್ಬಿಯ ಐಡಿ ಬರೆದು ಯುಎಎಸ್ ನಿಲ್ಲಿಸಿದರೆ ವೇಗ ಸ್ವಲ್ಪ ಇಳೀತದೆ, ಹಾಡಿಗೆ ಗೊತ್ತೇ ಆಗುವುದಿಲ್ಲ. ಯುಎಸ್‌ಬಿ 3ರ ಕೇಬಲ್ 2.4 ಗಿಗಾಹರ್ಟ್ಸ್ ವೈಫೈಗೂ ಬ್ಲೂಟೂತ್‌ಗೂ ಗದ್ದಲ ಎಬ್ಬಿಸ್ತದೆ. ಸರ್ವರನ್ನು ರೌಟರಿಗೆ ಕೇಬಲ್‌ನಲ್ಲೇ ಜೋಡಿಸಿ. ಮುರಕಲ್ಲಿನ ದಪ್ಪ ಗೋಡೆಯ ಮನೆಯಲ್ಲಿ ವೈಫೈಯನ್ನು ಸರ್ವರಿಗೆ ಖರ್ಚು ಮಾಡಬಾರದು, ಅದು ಫೋನುಗಳಿಗಿರಲಿ.

ಎಸ್‌ಡಿ ಕಾರ್ಡಿನಲ್ಲಿ ಡೇಟಾಬೇಸ್ ಇಡಬೇಡಿ. ಪದೇ ಪದೇ ಬರೆಯುವುದು, ಮಧ್ಯೆ ಕರೆಂಟು ಹೋಗುವುದು, ಎರಡೂ ಸೇರಿ ಕಾರ್ಡನ್ನು ಕೊಲ್ತವೆ. ಪೈ 4 ನೇರ ಎಸ್‌ಎಸ್‌ಡಿಯಿಂದಲೇ ಬೂಟ್ ಆಗ್ತದೆ.

ಪೆರ್ಲ ವಯರಿಂಗ್:
ಪೈ, ಅಡಾಪ್ಟರ್, ಕೇಸ್, ಡಬ್ಬಿ, ಗಡಿಯಾರ ಎಲ್ಲ ಕೂಡಿಸಿ ನೋಡಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅಥವಾ ಆನ್‌ಲೈನ್‌ನಲ್ಲಿ ಸಿಗುವ ಹಳೆಯ ಥಿನ್ ಕ್ಲಯಂಟ್‌ನ ಬೆಲೆಗೆ ಹತ್ತಿರ ಬಂದು ನಿಲ್ತದೆ. ಡೆಲ್ ವೈಸ್ 5070 ನೋಡಿ: ಸೆಲೆರಾನ್ ಜೆ4105 ಅಥವಾ ಪೆಂಟಿಯಂ ಜೆ5005, ಫ್ಯಾನ್ ಇಲ್ಲ, ರ‍್ಯಾಮ್ ಬದಲಿಸಬಹುದು, ಗಡಿಯಾರ ಒಳಗೇ ಉಂಟು, ಸುಮ್ಮನಿದ್ದಾಗ 5ರಿಂದ 7 ವಾಟ್. ಫುಜಿತ್ಸು ಫ್ಯೂಟ್ರೋ ಎಸ್740 ಕೂಡ ಅದೇ ಜಾತಿ. ಎಸ್‌ಎಸ್‌ಡಿ ಯುಎಸ್‌ಬಿಯಲ್ಲಿ ನೇತಾಡುವುದಿಲ್ಲ, ಬೋರ್ಡಿಗೇ ಕೂರ್ತದೆ. ಕರೆಂಟು ಹೋಗಿ ಬರುವ ಊರಲ್ಲಿ ಒಂದು ಜೋಡಣೆ ಕಡಿಮೆ ಆದಷ್ಟೂ ಒಳ್ಳೆಯದು.

ತೆಗೊಳ್ಳುವ ಮೊದಲು ಮೂರು ಮಾತು ಕೇಳಿ. ಎಂ.2 ಜಾಗ (ಕಡ್ಡಿಯಂಥ ಎಸ್‌ಎಸ್‌ಡಿ ಕೂರುವುದು) ಸಾಟಾ ಮಾತ್ರ, ಬೇರೆ ಬಗೆಯ ಎನ್‌ವಿಎಂಇ ಕಡ್ಡಿ ಹಾಕಿದರೆ ಕಾಣುವುದೇ ಇಲ್ಲ. ಅಡಾಪ್ಟರ್ 19.5 ವೋಲ್ಟ್, ಡೆಲ್‌ನದ್ದೇ ಪಿನ್, ಜೊತೆಯಲ್ಲೇ ಕೊಡ್ತಾರಾ? ಬಯೋಸ್‌ಗೆ ಕಂಪೆನಿಯ ಪಾಸ್‌ವರ್ಡ್ ಉಳಿದಿದೆಯಾ? ಪಾಸ್‌ವರ್ಡ್ ಇದ್ದರೆ ನಾನು ಮೇಲೆ ಹೇಳಿದ ‘ಪವರ್ ಆನ್’ ಸೆಟ್ಟಿಂಗ್ ಮಾಡಲಿಕ್ಕೇ ಆಗುವುದಿಲ್ಲ.

ಕುಂಬಳೆ ಕಡಲಕರೆ:
ಫ್ಯಾನ್ ಇಲ್ಲದ್ದು ಅನ್ನುವುದಕ್ಕೆ ನನ್ನ ಒತ್ತು ಎರಡು ಪಟ್ಟು. ಕಡಲಿನ ಹತ್ತಿರದ ಮನೆಗಳಲ್ಲಿ ಫ್ಯಾನ್ ಉಪ್ಪಿನ ತೇವವನ್ನು ಒಳಗೆ ಎಳೆದು ತಂದು ಬೋರ್ಡಿನ ಮೇಲೆ ಕೂರಿಸ್ತದೆ, ತಾಮ್ರಕ್ಕೆ ಹಸಿರು ಹಿಡೀತದೆ. ಸದಾ ಓಡುವ ಸಣ್ಣ ಯಂತ್ರ ಸುತ್ತಲಿನ ಗಾಳಿಗಿಂತ ಯಾವಾಗಲೂ ತುಸು ಬೆಚ್ಚಗಿರುವುದರಿಂದ ಅದರ ಮೇಲೆ ತೇವ ಕೂರುವುದಿಲ್ಲ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ವಾರಗಟ್ಟಲೆ ಆಫ್ ಮಾಡಿ ಇಟ್ಟದ್ದೇ ಹಾಳಾಗುವುದು.

ಆ ಬೆಚ್ಚಗೆಗೇ ಇರುವೆ ಬರ್ತದೆ. ಅಡುಗೆಕೋಣೆಯ ಗೋಡೆಗೆ ತಾಗಿಸಿ ಇಡಬೇಡಿ. ಗೋಡೆಯಿಂದ ನಾಲ್ಕು ಬೆರಳು ದೂರ, ಕಾಲಿರುವ ಹಲಗೆಯ ಮೇಲೆ ಇಟ್ಟು ಕಾಲುಗಳಿಗೆ ಇರುವೆ ಚಾಕ್ ಗೀರಿ. ಪುಡಿ ಯಂತ್ರದ ಒಳಗೆ ಹೋಗಬಾರದು. ಗಾಳಿ ತೂತುಗಳಿಗೆ ತೆಳುವಾದ ನೈಲಾನ್ ಬಲೆ ಅಂಟಿಸಿದರೆ ಹಲ್ಲಿಯೂ ನುಗ್ಗುವುದಿಲ್ಲ.

ಉಪ್ಪಳ ಕ್ಯಾಸೆಟ್:
ವೈಸ್ 5070 ಸರಿ ಕಾಣ್ತದೆ. ಬ್ಯಾಟರಿ ಬೆಂಬಲಕ್ಕೆ ರೌಟರಿಗೆ ಹಾಕುವ ಸಣ್ಣ 12 ವೋಲ್ಟ್ ಯುಪಿಎಸ್ ಸಾಕಾಗ್ತದಾ? ಮನೆಗೆ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಉಂಟು.

ಪೆರ್ಲ ವಯರಿಂಗ್:
ವೈಸ್‌ಗೆ 19.5 ವೋಲ್ಟ್, ಆದ್ದರಿಂದ ಆ ಯುಪಿಎಸ್ ಆಗುವುದಿಲ್ಲ. 12 ವೋಲ್ಟ್‌ನ ಎನ್100 ಪೆಟ್ಟಿಗೆಗಳಿಗೂ ಹುಷಾರು. ಸುಮ್ಮನಿದ್ದಾಗ 8 ವಾಟ್ ಆದರೂ ಏಳುವಾಗ 20 ವಾಟ್ ದಾಟ್ತದೆ. ಸಣ್ಣ ಯುಪಿಎಸ್ ಹೆಚ್ಚಿನವು 2 ಆಂಪಿಯರಿಗೆ ಮುಗೀತವೆ. ಬೂಟ್ ಆಗುವ ಹೊತ್ತಿಗೆ ಕಡಿದು, ಮತ್ತೆ ಬೂಟ್, ಮತ್ತೆ ಕಡಿತ.

ಇನ್ವರ್ಟರ್ ಇದ್ದರೆ ಅದರ ಲೈನಿಗೇ ಸರ್ವರ್, ರೌಟರ್, ಫೈಬರ್ ಪೆಟ್ಟಿಗೆ ಮೂರನ್ನೂ ಹಾಕಿ. 12 ವೋಲ್ಟ್ 150 ಎಎಚ್ ಅಂದರೆ 1800 ವಾಟ್‌ಅವರ್, ಬ್ಯಾಟರಿ ಬಾಳಲಿ ಅಂತ ಅರ್ಧವೇ ಬಳಸಿದರೆ 900. ಮೂರೂ ಸೇರಿ 20 ವಾಟ್, ಇನ್ವರ್ಟರ್ ತಾನೇ ತಿನ್ನುವುದು 15 ವಾಟ್ ಅಂತ ಹಿಡಿಯಿರಿ, ಒಟ್ಟು 35. ಬೇರೆ ಏನೂ ಹಾಕದಿದ್ದರೆ ಸುಮಾರು 25 ಗಂಟೆ. ಸ್ವಿಚ್ಚನ್ನು ‘ಯುಪಿಎಸ್’ ಕಡೆಗೆ ಇಡಿ, ಬದಲಾಗುವ ಸಮಯ ಕಡಿಮೆಯಾಗ್ತದೆ.

ನೀರ್ಚಾಲು ತೋಟ:
ಸಿಡಿಲಿನ ಮಾತು ಬಿಡಬಾರದು. ಇಲ್ಲಿ ದೊಡ್ಡ ಹೊಡೆತ ಮಳೆ ಜೋರಾಗಿರುವ ಜುಲೈಯಲ್ಲಿ ಅಲ್ಲ. ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್ ಸಂಜೆಗಳಲ್ಲಿ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ ನಿಜ, ಆದರೆ ಕಂಬದಿಂದ ಮನೆಗೆ ಬರುವ ಫೈಬರ್ ಕೇಬಲ್‌ಗೆ ಉಕ್ಕಿನ ತಂತಿಯ ಆಸರೆ ಇರ್ತದೆ. ಆ ತಂತಿಯನ್ನು ಹೊರಗಿನ ಗೋಡೆಯಲ್ಲೇ ಕತ್ತರಿಸಿ ಕಟ್ಟಿಸಿ, ಪೆಟ್ಟಿಗೆಯ ತನಕ ತರಬೇಡಿ. ಮನೆಯಿಂದ ಕೊಟ್ಟಿಗೆಗೋ ಅಡಿಕೆ ಒಣಗಿಸುವ ಕಡೆಗೋ ತಾಮ್ರದ ನೆಟ್‌ವರ್ಕ್ ಕೇಬಲ್ ಎಳೆದಿದ್ದರೆ ಅದೇ ಸಿಡಿಲಿಗೆ ದಾರಿ. ಅಲ್ಲಿ ಎರಡು ಮೀಡಿಯಾ ಕನ್ವರ್ಟರ್ (ತಾಮ್ರದ ಕೇಬಲನ್ನು ಫೈಬರಿಗೆ ಜೋಡಿಸುವ ಪೆಟ್ಟಿಗೆ) ಇಟ್ಟು ಫೈಬರ್ ಹಾಕಿ.

ಸರ್ಜ್ ಪ್ರೊಟೆಕ್ಟರ್ ಹಾಕಿದ್ದೇನೆ ಅಂತ ನಿಶ್ಚಿಂತೆ ಬೇಡ. ಅರ್ತಿಂಗ್ ಸರಿ ಇಲ್ಲದಿದ್ದರೆ ಅದು ಹೊಡೆತವನ್ನು ಎಲ್ಲಿಗೆ ಕಳಿಸಬೇಕು? ಬೇಸಗೆಯಲ್ಲಿ ಮುರಕಲ್ಲಿನ ನೆಲ ಒಣಗಿ ಅರ್ತಿಂಗ್ ದುರ್ಬಲವಾಗ್ತದೆ, ಅದೇ ಹೊತ್ತಿಗೆ ಏಪ್ರಿಲಿನ ಸಿಡಿಲು. ಗುಂಡಿಗೆ ನೀರು ಹಾಕುವ ರೂಢಿ ಇದಕ್ಕೇ. ಮೋಡ ಕಟ್ಟಿದಾಗ, ಗುಡುಗು ಹತ್ತಿರ ಬರುವ ಮೊದಲೇ ಪ್ಲಗ್ ಕಿತ್ತಿಡುವುದೇ ಗಟ್ಟಿ ಉಪಾಯ. ಕರೆಂಟಿನದ್ದು ಮಾತ್ರವಲ್ಲ, ನೆಟ್‌ವರ್ಕ್ ಕೇಬಲ್ ಕೂಡ.

ಬ್ಯಾಕಪ್ ಡಿಸ್ಕ್ ಯಾವಾಗಲೂ ಜೋಡಿಸಿಯೇ ಇದ್ದರೆ ಅದು ಬ್ಯಾಕಪ್ಪೇ ಅಲ್ಲ, ಒಂದೇ ಹೊಡೆತಕ್ಕೆ ಎರಡೂ ಹೋಗ್ತವೆ. ತಿಂಗಳಿಗೊಮ್ಮೆ ಜೋಡಿಸಿ, ಆರ್‌ಸಿಂಕ್ (ಬದಲಾದ ಫೈಲುಗಳನ್ನು ನಕಲು ಮಾಡುವ ತಂತ್ರಾಂಶ) ಮಾಡಿ, ಕಿತ್ತು, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಇನ್ನೊಂದು ಪ್ರತಿ ನೆಂಟರ ಮನೆಯಲ್ಲಿ. ಕ್ಯಾಸೆಟ್‌ನಿಂದ ಇಳಿಸಿದ ತಾಳಮದ್ದಳೆ ಅಂಗಡಿಯಲ್ಲಿ ಮತ್ತೆ ಸಿಗುವ ವಸ್ತುವಲ್ಲ. ಎನ್100 ತೆಗೊಳ್ಳುವ ಹಣದಲ್ಲಿ ಎರಡನೇ ಡಿಸ್ಕ್ ತೆಗೊಳ್ಳಿ ಅಂತ ನಾನು ಗಟ್ಟಿಯಾಗಿ ಹೇಳ್ತೇನೆ.

ಮುಳ್ಳೇರಿಯ ಲಿನಕ್ಸ್:
ಒಪ್ಪಿದೆ. ಹೊರಗಿನಿಂದ ಕೇಳುವ ಇಬ್ಬರ ಮಾತು ಚುಟುಕಾಗಿ: ರೌಟರಿನ ಪುಟದಲ್ಲಿ ಹೊರಗಿನ ಐಪಿ 100.64ರಿಂದ 100.127ರ ಒಳಗೆ ಶುರುವಾದರೆ ನೀವು ಸಿಜಿನ್ಯಾಟ್ (ಕಂಪೆನಿ ಒಂದೇ ಹೊರಗಿನ ವಿಳಾಸವನ್ನು ಹಲವು ಮನೆಗಳಿಗೆ ಹಂಚುವುದು) ಹಿಂದೆ ಇದ್ದೀರಿ, ಪೋರ್ಟ್ ತೆರೆದು ಪ್ರಯೋಜನವಿಲ್ಲ. ನಿಮ್ಮ ಯಂತ್ರಗಳನ್ನು ಖಾಸಗಿಯಾಗಿ ಬೆಸೆಯುವ ಟೇಲ್‌ಸ್ಕೇಲ್ ಹಾಕಿ, ಅವರ ಫೋನಿನಲ್ಲೂ ಹಾಕಿಸಿ. ಸಿಜಿನ್ಯಾಟ್ ಇಲ್ಲದಿದ್ದರೂ ನ್ಯಾವಿಡ್ರೋಮ್‌ನ 4533 ಪೋರ್ಟನ್ನು ನೇರ ಊರಿಗೆಲ್ಲ ತೆರೆದಿಡಬೇಡಿ.

ಬದಿಯಡ್ಕ ಕೇಳುಗ:
ಈಗ ಫೈಲುಗಳ ಕಡೆ ಬನ್ನಿ ಮಾಷ್ಟ್ರೇ. ಯಂತ್ರಕ್ಕಿಂತ ಹೆಚ್ಚು ಕಾಡುವುದು ಇಲ್ಲಿ.

ಇಡೀ ರಾತ್ರಿಯ ಆಟ ವೇವ್‌ನಲ್ಲಿ (ಕುಗ್ಗಿಸದ ಫೈಲು) ಇದ್ದರೆ 4 ಜಿಬಿಯ ಗೋಡೆ ಅಡ್ಡ ಬರ್ತದೆ, ಆ ಫೈಲಿನ ತಲೆಬರಹದಲ್ಲಿ ಅಳತೆ ಬರೆಯುವ ಜಾಗ ಅಷ್ಟೇ. 44.1 ಕಿಲೋಹರ್ಟ್ಸ್ 16 ಬಿಟ್ ಸ್ಟೀರಿಯೊದಲ್ಲಿ 6 ಗಂಟೆ 45 ನಿಮಿಷಕ್ಕೆ, 48 ಕಿಲೋಹರ್ಟ್ಸ್ 24 ಬಿಟ್‌ನಲ್ಲಿ ಬರೇ 4 ಗಂಟೆ 8 ನಿಮಿಷಕ್ಕೆ ಅದು ತುಂಬ್ತದೆ. ಅದಕ್ಕಿಂತ ಉದ್ದದ ಫೈಲುಗಳು ಸರ್ವರಿನಲ್ಲಿ ಹತ್ತು ನಿಮಿಷದ್ದು ಅಂತ ಕಂಡರೆ ಕಾರಣ ಇದೇ. ಫ್ಲ್ಯಾಕ್‌ಗೆ ಬದಲಿಸಿ.

ಬದಲಿಸುವಾಗಲೇ ತುಂಡು ಮಾಡಿ: ಪೂರ್ವರಂಗ, ಒಡ್ಡೋಲಗ, ಆಮೇಲೆ ಸನ್ನಿವೇಶಕ್ಕೊಂದು. ಎಂಟು ಗಂಟೆಯ ಒಂದೇ ಫೈಲನ್ನು ಓಪಸ್‌ಗೆ ಬದಲಿಸುತ್ತಾ ಕಳಿಸುವಾಗ ಅದರ ಕೊನೆ ಎಷ್ಟು ಬೈಟಿನಲ್ಲಿ ಅಂತ ಮೊದಲೇ ಗೊತ್ತಿರುವುದಿಲ್ಲ. ಅನೇಕ ಆ್ಯಪ್‌ಗಳಲ್ಲಿ ಬೆರಳಿನಿಂದ ಮುಂದಕ್ಕೆ ಎಳೆದರೆ ಹಾಡು ಮತ್ತೆ ಶುರುವಿನಿಂದ ಹೊರಡ್ತದೆ. ಕಡಿಯಲು ಮನಸ್ಸಿಲ್ಲದವರಿಗೆ ಲಿರಿಯನ್ ಕ್ಯೂ ಶೀಟ್ (ತುಂಡುಗಳು ಶುರುವಾಗುವ ಸಮಯದ ಪಟ್ಟಿ) ಓದ್ತದೆ.

ಕ್ಯಾಸೆಟ್ ಮೋನೊ ಆಗಿದ್ದರೆ ಮೋನೊ ಫ್ಲ್ಯಾಕ್ ಮಾಡಿ. ಎರಡೂ ಬದಿಯಲ್ಲಿ ಒಂದೇ ದನಿ ಇದ್ದರೂ ಟೇಪಿನ ಹಿಸ್ ಬೇರೆ ಬೇರೆ ಇರ್ತದೆ. ಫ್ಲ್ಯಾಕ್‌ಗೆ ಅದನ್ನು ಕುಗ್ಗಿಸಲು ಆಗುವುದಿಲ್ಲ, ಜಾಗ ಸುಮಾರು ದುಪ್ಪಟ್ಟು. ನಿಮ್ಮ 620 ಜಿಬಿ ಇದರಿಂದಲೇ ಚೆನ್ನಾಗಿ ಇಳಿಯಬಹುದು.

ಉಪ್ಪಳ ಕ್ಯಾಸೆಟ್:
ಇದು ಗೊತ್ತಿರಲಿಲ್ಲ, ಉಪಕಾರ ಆಯಿತು. ಇನ್ನೊಂದು ಸಂಶಯ. ಹಳೆಯ ಎಂಪಿ3ಗಳ ಹೆಸರು ಸರ್ವರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣ್ತದೆ. ಪರೀಕ್ಷೆಗೆ ಅಂತ ಎಕ್ಸ್‌ಟ್4 ಡಿಸ್ಕಿಗೆ ಕೆಲವು ಫೋಲ್ಡರ್ ನಕಲು ಮಾಡಿದಾಗ ‘ಫೈಲಿನ ಹೆಸರು ತುಂಬಾ ಉದ್ದ’ ಅಂತ ನಿಲ್ತದೆ. ವಿಂಡೋಸ್‌ನಲ್ಲಿ ಅದೇ ಹೆಸರು ಸರಿ ಉಂಟು.

ಮುಳ್ಳೇರಿಯ ಲಿನಕ್ಸ್:
ಮೊದಲನೆಯದು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಟ್ಯಾಗ್. ಅದು ಯೂನಿಕೋಡ್ ಅಲ್ಲ, ಒಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ, ಫಾಂಟ್ ಮಾತ್ರ ಕನ್ನಡ ತೋರಿಸುತ್ತಿತ್ತು. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಹಾಕಿ, ಟ್ಯಾಗನ್ನು ಹೊಸದಾಗಿ ಬರೆಯಿರಿ. ಹಳೆಯ ಐಡಿ3 ಮೊದಲ ಆವೃತ್ತಿಯ ಟ್ಯಾಗ್ ಇದ್ದರೆ ಪೂರ್ತಿ ಅಳಿಸಿ, ಅದರಲ್ಲಿ ಒಂದು ಹೆಸರಿಗೆ 30 ಬೈಟ್ ಮಾತ್ರ, ಕನ್ನಡಕ್ಕೆ ಜಾಗವೇ ಇಲ್ಲ.

ಎರಡನೆಯದು ಕನ್ನಡಕ್ಕೆ ಬರುವ ತೊಂದರೆ. ವಿಂಡೋಸ್ ಹೆಸರಿಗೆ 255 ಸಂಕೇತ ಕೊಡ್ತದೆ, ಎಕ್ಸ್‌ಟ್4 ಕೊಡುವುದು 255 ಬೈಟ್. ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ‘ದ್ರೌಪದೀ’ ನಮ್ಮ ಕಣ್ಣಿಗೆ ಮೂರು ಅಕ್ಷರ, ಯಂತ್ರಕ್ಕೆ ದ, ವಿರಾಮ (ಒತ್ತಕ್ಷರ ಜೋಡಿಸುವ ಗುರುತು), ರ, ಔ ಕಾರದ ಗುರುತು ಹೀಗೆ ಏಳು ಸಂಕೇತ, 21 ಬೈಟ್. ಒಟ್ಟು 85 ಸಂಕೇತಕ್ಕೆ ಹೆಸರು ಮುಗೀತದೆ. ಪ್ರಸಂಗ, ಭಾಗವತರು, ಅರ್ಥಧಾರಿಗಳು, ಊರು, ತಾರೀಕು ಎಲ್ಲ ಫೈಲಿನ ಹೆಸರಲ್ಲೇ ಬರೆದರೆ ಖಂಡಿತ ದಾಟ್ತದೆ. ಹೆಸರಿಗೆ ಪ್ರಸಂಗ ಮತ್ತು ತುಂಡಿನ ಸಂಖ್ಯೆ ಸಾಕು, ಉಳಿದದ್ದು ಟ್ಯಾಗಿಗೆ.

ಬದಿಯಡ್ಕ ಕೇಳುಗ:
ಟ್ಯಾಗಿನಲ್ಲಿ ಆಲ್ಬಮ್ ಅಂದರೆ ‘ಪ್ರಸಂಗ, ಊರು, ವರ್ಷ’, ಆಲ್ಬಮ್ ಕಲಾವಿದ ಅಂದರೆ ಭಾಗವತರು. ಅರ್ಥಧಾರಿಗಳನ್ನು ಕಲಾವಿದ ಜಾಗದಲ್ಲಿ ಅಲ್ಪವಿರಾಮ ಹಾಕಿ ಒಟ್ಟಿಗೆ ಬರೆಯಬೇಡಿ, ಸರ್ವರ್ ಆರು ಜನರನ್ನು ಒಬ್ಬನೇ ಅಂತ ತಿಳೀತದೆ. ಫ್ಲ್ಯಾಕ್‌ನಲ್ಲಿ ಒಬ್ಬೊಬ್ಬರಿಗೂ ಬೇರೆ ಕಲಾವಿದ ಸಾಲು ಕೊಡಬಹುದು. ಆಗ ಒಬ್ಬ ಅರ್ಥಧಾರಿಯ ಹೆಸರು ಒತ್ತಿದರೆ ಅವರಿದ್ದ ಕೂಟಗಳೆಲ್ಲ ಒಂದೇ ಕಡೆ ಬರ್ತವೆ. ಮೊದಲು ನಾಲ್ಕೈದು ಕೂಟಕ್ಕೆ ಮಾತ್ರ ಮಾಡಿ, ಸ್ಕ್ಯಾನ್ ಹಾಕಿ ಫೋನಿನಲ್ಲಿ ಸರಿ ಕಾಣ್ತದಾ ನೋಡಿ, ಆಮೇಲೆ ಉಳಿದದ್ದಕ್ಕೆ ಕೈ ಹಾಕಿ.

ಉಪ್ಪಳ ಕ್ಯಾಸೆಟ್:
ಹಾಗಾದರೆ ವೈಸ್ 5070, 4 ಜಿಬಿ ರ‍್ಯಾಮ್, 1 ಟಿಬಿ ಎಂ.2 ಸಾಟಾ ಎಸ್‌ಎಸ್‌ಡಿ, ಹೊಸ ಬಟನ್ ಸೆಲ್, ಬ್ಯಾಕಪ್‌ಗೆ ಇರುವ ಡಿಸ್ಕ್ ಜೊತೆಗೆ ಇನ್ನೊಂದು 1 ಟಿಬಿ. ಈಗಿರುವ ಡಿಸ್ಕನ್ನು ಎಕ್ಸ್‌ಟ್4 ಮಾಡುವುದು ಯಾವಾಗ?

ನೀರ್ಚಾಲು ತೋಟ:
ಕೊನೆಗೆ. ಹೊಸ ಎಸ್‌ಎಸ್‌ಡಿಗೂ ಹೊಸ ಡಿಸ್ಕಿಗೂ ನಕಲು ಆಗಿ, ಆರ್‌ಸಿಂಕ್‌ನ ಚೆಕ್‌ಸಮ್ ಆಯ್ಕೆಯಲ್ಲಿ ಎರಡನ್ನೂ ಹಳೆಯದರ ಜೊತೆ ಒಮ್ಮೆ ಹೋಲಿಸಿ ನೋಡಿ, ವ್ಯತ್ಯಾಸ ಇಲ್ಲ ಅಂತ ಬಂದ ಮೇಲೆ ಮಾತ್ರ ಹಳೆಯದನ್ನು ಅಳಿಸಿ. 620 ಜಿಬಿ ಓದಿ ಹೋಲಿಸಲು ಕೆಲವು ಗಂಟೆ ಹಿಡೀತದೆ, ರಾತ್ರಿ ಹಾಕಿ ಮಲಗಿ. ಗುಡುಗು ಇಲ್ಲದ ರಾತ್ರಿ ನೋಡಿಕೊಳ್ಳಿ.